ಮಾಲತಕ್ಕನ ಸಂಡಿಗೆ, ನನ್ನ ಫಾರ್ಮುಲಾ

ಪ್ರವಾಹವನ್ನು ಕಣ್ಣಾರೆ ಕಂಡೆ ಎಂದರೆ ಜನ ಮರುಗುತ್ತಾರೆ. ಆ ಪ್ರವಾಹ ಬಂದದ್ದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ನಾಲ್ಕು ಮಹಡಿಯ ಕಟ್ಟಡದ ತಾರಸಿಯ ಮೇಲೆ ಎಂದ ಕೂಡಲೇ ಮುಖ ತಿರುಗಿಸಿ ನಗುತ್ತಾರೆ. ನಗಲಿ. ಇಷ್ಟು ವರ್ಷಗಳ ಮೇಲೂ ಎಲ್ಲಾದರೂ ನೀರಿನ ಟಾಕಿ ತುಂಬಿ ಸುರಿಯುವ ಸದ್ದು ಕೇಳಿದರೆ ನನ್ನ ಕೈಗಳು ತಾವಾಗಿಯೇ ಯಾವುದೋ ಸೀರೆಯ ತುದಿ ಹುಡುಕುತ್ತವೆ. ಯಾರ ಸೀರೆ ಎಂದು ಅವಸರಪಡಬೇಡಿ, ಹೇಳುತ್ತೇನೆ. ಮರ್ಯಾದೆಯ ಸಂಗತಿಯೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯ ಬಿಬವೇವಾಡಿಯ ನಮ್ಮ ವಸತಿ ಸೊಸೈಟಿ ಯಾವುದೋ ಆಫೀಸು ಬೇಡವೆಂದ ಒಂದು ಕಂಪ್ಯೂಟರನ್ನು ಕೊಂಡಿತು. ಅಧ್ಯಕ್ಷರಾದ ಜೋಶಿಕಾಕಾ ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ಮನೆಗೆ ಬಂದ ಅಳಿಯನಿಗೂ ಅವರು ಅಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ನೋಡಿಲ್ಲ. ನಾನು ಬಿ.ಕಾಂ. ಓದಿ, ಆಫೀಸಿನಲ್ಲಿ ಸ್ಪ್ರೆಡ್‌ಶೀಟ್ ಕಲಿತವನು. ಕಲಿತ ಹೊಸದರಲ್ಲಿ ಮನುಷ್ಯನಿಗೆ ಎಲ್ಲೆಲ್ಲೂ ‘ಇಫ್’ ಕಾಣುತ್ತದೆ: ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಹೆಂಡತಿ “ಚಹಾ ಬೇಕೇನ್ರಿ?” ಎಂದರೆ, “ಹಾಲಿದ್ದರೆ ಹೌದು, ಇಲ್ಲದಿದ್ದರೆ ಕರಿ ಚಹಾ” ಎಂದು ಉತ್ತರಿಸಿ, ‘ಏನೂ ಇಲ್ಲ’ ಎಂಬ ಮೂರನೆಯ ಫಲಿತಾಂಶ ಪಡೆದಿದ್ದೇನೆ.

ಪಂಪ್ ಯಾವಾಗ ಹಚ್ಚಬೇಕೆಂದು ಸೊಸೈಟಿಯಲ್ಲಿ ದಿನವೂ ಜಗಳ. ಕಂಪ್ಯೂಟರ್ ಹೇಳಿದರೆ ಯಾರೂ ಎದುರಾಡಲಾರರು ಎಂದು ಕಾಕಾ ನನ್ನನ್ನು ಕರೆಸಿ ಮರಾಠಿಯಲ್ಲಿ ವಿವರಿಸಿದರು: “ಮೇಲಿನ ಟಾಕಿ ಖಾಲಿ ಇದ್ದರೆ ಪಂಪ್ ಹಚ್ಚುವುದು. ಕೆಳಗಿನ ಟಾಕಿಯಲ್ಲಿ ನೀರಿದ್ದರೆ ಪಂಪ್ ಹಚ್ಚುವುದು. ಅಷ್ಟೇ!” ಎರಡೂ ಒಟ್ಟಿಗೆ ಕೂಡಿಬರಬೇಕು ಎಂದು ಯಾವ ಮನುಷ್ಯನೂ ಬಿಡಿಸಿ ಹೇಳುವುದಿಲ್ಲ, ಕೇಳಿದವನಿಗೆ ತಿಳಿಯುತ್ತದೆ. ನಾನು ಆಗ ಮನುಷ್ಯನಾಗಿ ಕೂತಿರಲಿಲ್ಲ, ಕಂಪ್ಯೂಟರ್ ಬಲ್ಲವನಾಗಿ ಕೂತಿದ್ದೆ. ‘ಆ್ಯಂಡ್’ ಇರಬೇಕಾದಲ್ಲಿ ‘ಆರ್’ ಬರೆದೆ. ಅಂದರೆ ಎರಡರಲ್ಲಿ ಒಂದು ನಿಜವಾದರೂ ಸಾಕು, ಅದು ‘ಪಂಪ್ ಹಚ್ಚಿ’ ಎನ್ನುವುದು. ದಿನವೂ ಕಾಕಾ ಎರಡೂ ಟಾಕಿಗಳ ಸ್ಥಿತಿ ಟೈಪ್ ಮಾಡಿ, ಪರದೆ ಹೇಳಿದಂತೆ ಸ್ವಿಚ್ ಒತ್ತುತ್ತಿದ್ದರು. ಬೆಳಿಗ್ಗೆ ಮೇಲೆ ಖಾಲಿ, ಕೆಳಗೆ ನೀರು, ಎರಡೂ ನಿಜವಿರುತ್ತಿದ್ದುದರಿಂದ ಕೆಲವು ದಿನ ನಾನು ಸೊಸೈಟಿಯ ವಿಜ್ಞಾನಿಯಾಗಿದ್ದೆ.

ಬೇಸಿಗೆ ರಜೆಗೆ ಅರ್ಧ ಸೊಸೈಟಿ ಊರಿಗೆ ಹೋಯಿತು. ಆ ಭಾನುವಾರ ಮೊದಲ ಬಾರಿಗೆ, ನೀರು ಬಳಸುವವರಿಲ್ಲದೆ ಮೇಲಿನ ಟಾಕಿ ತುಂಬಿಯೇ ಉಳಿದಿತ್ತು. ಪಕ್ಕದ ಮನೆಯ ಮಾಲತಕ್ಕ, ವಿಜಾಪುರದ ಕಡೆಯವರು, ಎಲ್ಲಿಗೂ ಹೋಗಿರಲಿಲ್ಲ. ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರ ಊಟಕ್ಕೆಂದು ಅಕ್ಕಿ ಸಂಡಿಗೆ ಒತ್ತಿ, ತಾರಸಿಯ ತುಂಬ ಹಳೆಯ ಸೀರೆ ಹಾಸಿ ಒಣಹಾಕಿದ್ದರು. “ಸೊಲ್ಲಾಪುರದ ಬೀಗತಿ ಮೊದಲ ಸಂಡಿಗಿ ನೋಡ್ತಾಳ, ಆಮ್ಯಾಲೆ ಹುಡುಗೀನ್ನ. ಕಾಗಿ ಬರಧಂಗ ನೋಡ್ಕೊಳ್ರಿ ಸಾಹೇಬರ. ಹೆಂಗಿದ್ರೂ ಐತವಾರ ಖಾಲಿ ಕೂತಿರ್ತೀರಿ” ಎಂದು ನನ್ನ ಕೈಗೊಂದು ಕೊಡೆ ಕೊಟ್ಟು ಇಳಿದುಹೋದರು.

ಕೊಡೆಯ ನೆರಳಿನಲ್ಲಿ ಪೇಪರ್ ಓದುತ್ತಿದ್ದೆ. ಬೆನ್ನ ಹಿಂದೆ ಗುಳುಗುಳು ಎಂದಿತು. ತಿರುಗಿದರೆ ತುಂಬಿದ ಟಾಕಿಯ ಬಾಯಿಂದ ನೀರು ಹೊರಳಿ ಬೀಳುತ್ತಿದೆ! ಬಿಸಿಲಿಗೆ ಹೊಳೆಯುತ್ತ, ಯಾವ ಅವಸರವೂ ಇಲ್ಲದೆ, ದಕ್ಷಿಣೆ ಖಾತ್ರಿಯಿರುವ ಪುರೋಹಿತರಂತೆ ಅದು ಮೊದಲ ಸೀರೆಯತ್ತ ನಡೆದು ಬಂತು. ಕಾಗೆ ಬಂದರೆ ಕೊಡೆ ಬೀಸಲು ಹೇಳಿದ್ದರು. ನೀರಿಗೂ ಬೀಸಿದೆ. ಆಮೇಲೆ ಕಟ್ಟೆಯಿಂದ ಬಾಗಿ ಕೂಗಿದೆ, “ಕಾಕಾ, ಪಂಪ್ ಬಂದ್ ಕರಾ!”

“ಹೇಗೆ ಬಂದ್ ಮಾಡಲಿ? ಕಂಪ್ಯೂಟರ್ ಹಚ್ಚು ಅಂತಿದೆ!”

“ಟಾಕಿ ತುಂಬಿದೆ!”

“ಗೊತ್ತು. ಹಾಗೆಂದೇ ಟೈಪ್ ಮಾಡಿದ್ದೇನೆ. ಆದರೂ ಹಚ್ಚು ಅಂದಿತು. ಏನೋ ಕಾರಣ ಇರಬೇಕು. ಫಾರ್ಮುಲಾ ನಿಮ್ಮದೇ ಅಲ್ಲವೇ?”

ಕೂಗಾಟ ಕೇಳಿ ಮಾಲತಕ್ಕ ಓಡಿ ಬಂದರು. “ಅಯ್ಯ ನನ ಶಿವನ! ಆ ತುದಿ ಹಿಡೀರಿ ಸಾಹೇಬರ!” ಒಂದೊಂದೇ ಸೀರೆಯನ್ನು, ಮಲಗಿದ ಕೂಸನ್ನು ತೊಟ್ಟಿಲ ಸಮೇತ ಎತ್ತುವಂತೆ ಎತ್ತಿ ಮೆಟ್ಟಿಲ ಕಡೆಗೆ ಸಾಗಿಸಿದೆವು. ಕೊನೆಯ ಸೀರೆಯಲ್ಲಿ ನನ್ನ ಕಾಲು ಜಾರಿತು, ಕೈ ಸಡಿಲಾಯಿತು. ಅದರ ಸಂಡಿಗೆಯೆಲ್ಲ ನೀರಿಗಿಳಿದು ಮರಳಿ ಹಿಟ್ಟಾಯಿತು. “ನೀವ್ ಇಲ್ಲಿ ಬ್ಯಾಡ್ರಿ! ಕೆಳಗ ಹೋಗಿ ನಿಮ್ಮ ದೆವ್ವಾ ಬಿಡಸ್ರಿ!” ಎಂದರು ಮಾಲತಕ್ಕ.

ಕೆಳಗೆ ಸ್ವಿಚ್ಚಿಗೆ ಕೈ ಹಾಕಿದರೆ ಕಾಕಾ ಅಡ್ಡ ನಿಂತರು. “ಮೊದಲು ಅದರಲ್ಲಿ ಬದಲಿಸಿ.” ಚಪ್ಪಲಿ ಬಿಟ್ಟು ಒಳಗೆ ಹೋಗಿ, ‘ಆರ್’ ಅಳಿಸಿ ‘ಆ್ಯಂಡ್’ ಬರೆದೆ. ಪರದೆಯ ಮೇಲೆ ‘ಪಂಪ್ ಬೇಡ’ ಎಂದು ಮೂಡಿದ ಮೇಲೆಯೇ ಕಾಕಾ, ದೇವರ ಅಪ್ಪಣೆ ಸಿಕ್ಕವರಂತೆ, ಸ್ವಿಚ್ ಆರಿಸಿದರು.

ಹೋದಷ್ಟು ಸಂಡಿಗೆಯನ್ನು ಮತ್ತೆ ಒತ್ತುವ ಶಿಕ್ಷೆ ನನಗಾಯಿತು. ನಾನು ಒತ್ತಿದವುಗಳಲ್ಲಿ ಒಂದಕ್ಕೆ ಸೊಂಡಿಲು, ಇನ್ನೊಂದಕ್ಕೆ ಬಾಲ. ಮದುವೆಯ ಊಟದಲ್ಲಿ ಸೊಲ್ಲಾಪುರದ ಬೀಗತಿ ಅಂಥದ್ದೇ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಬಡಿಸುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ.

“ಇವು ಯಾಕ ಹಿಂಗ ಅವ್ರಿ?”

ಮಾಲತಕ್ಕ ರೆಪ್ಪೆ ಬಡಿಯಲಿಲ್ಲ. “ಅವು ಕಂಪ್ಯೂಟರ್ ಸಂಡಿಗಿರಿ. ಪುಣೇದಾಗ ಈಗ ಎಲ್ಲಾರೂ ಇವನ್ನ ಮಾಡ್ತಾರ.”

“ಹೌದೇನ್ರಿ!” ಎಂದು ಬೀಗತಿ ಕಚ್ಚಿ ನೋಡಿದರು. ತಲೆಯಾಡಿಸಿದರು. ಇನ್ನೆರಡು ಹಾಕಿಸಿಕೊಂಡರು. ಕಂಪ್ಯೂಟರಿನ ಹೆಸರಿನಲ್ಲಿ ನಾನು ಈವರೆಗೆ ಮಾಡಿದ ಕೆಲಸಗಳಲ್ಲಿ, ಜನ ಕೇಳಿ ಹಾಕಿಸಿಕೊಂಡದ್ದು ಅದೊಂದೇ.