ಹುಕ್ರಪ್ಪನ ತುಕ್ಕುನಿವಾರಣೆ

ತನ್ನ ಮೈಗೆ ತುಕ್ಕು ಹಿಡಿಯಲು ಬಿಡುವುದಿಲ್ಲವೆಂದು ಗುರುವಾಯನಕೆರೆಯ ಸೈಕಲ್ ಶಾಪಿನ ಹುಕ್ರಪ್ಪ ಘೋಷಿಸಿದ್ದು ನಯಾಪೈಸೆ ಬಂದ ಹೊಸತರಲ್ಲಿ. ಬೆಳಿಗ್ಗೆ ಎದ್ದರೆ ಸುಸ್ತು, ಪಂಕ್ಚರ್ ಹಾಕಿದರೆ ಸುಸ್ತು. ಗಿರಾಕಿಗೆ ಬಯ್ದೂ ಸುಸ್ತಾದ ದಿನ ಮಾತ್ರ ಹೆದರಿ ಡಾಕ್ಟರರ ಬಳಿ ಓಡಿದ್ದ.

ಡಾಕ್ಟರು ಅವನಿಗೆ ತಿಳಿಯುವಂತೆಯೇ ಹೇಳಿದ್ದರು. "ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕು ಬರ್ತದಲ್ಲ ಹುಕ್ರಪ್ಪ? ಕೊಯ್ದಿಟ್ಟ ಬಾಳೆಕಾಯಿ ಕಪ್ಪಾಗ್ತದಲ್ಲ? ನಾವು ಉಸಿರಾಡುವ ಗಾಳಿಯಿಂದ ಮೈಯ ಜೀವಕೋಶಗಳಿಗೂ ಹಾಗೇ ಸ್ವಲ್ಪ ಸ್ವಲ್ಪ ಏಟು ಬೀಳ್ತಾ ಇರ್ತದೆ. ಬಾಳೆಕಾಯಿಗೆ ಲಿಂಬೆ ಹಿಂಡಿದರೆ ಕಪ್ಪಾಗುವುದು ತಡ. ಮೈಗೂ ಅಂಥ ಕಾವಲು ಬೇಕು. ನೆಲ್ಲಿಕಾಯಿ, ಪುನರ್ಪುಳಿ, ಸೊಪ್ಪು ತಿನ್ನಿ. ಮಿತದಲ್ಲಿ."

ಕೊನೆಯ ಮಾತನ್ನು ಅವರು ಖಾಲಿ ಕುರ್ಚಿಗೆ ಹೇಳಿದಂತಾಯಿತು.

ಮನೆಯ ಅಟ್ಟದಲ್ಲಿ ಹೆಂಡತಿ ಸುಂದರಿ ಉಪ್ಪುನೀರಿನಲ್ಲಿ ಹಾಕಿಟ್ಟ ನೆಲ್ಲಿಕಾಯಿಯ ಭರಣಿ ಇತ್ತು. ಸೈಕಲ್ಲಿಗೆ ಎಣ್ಣೆ ಬಿಡುವ ಶ್ರದ್ಧೆಯಿಂದಲೇ ಹುಕ್ರಪ್ಪ ಮೊಣಕಾಲಿಗೊಂದು, ಸೊಂಟಕ್ಕೊಂದು, ಕುತ್ತಿಗೆಗೊಂದು ಎಂದು ದಿನಾ ಕದ್ದು ತಿಂದ. ಸುಸ್ತು ಹೋಗಲಿಲ್ಲ. ಭರಣಿ ಖಾಲಿಯಾಯಿತು.

ಅದು ಚೊಚ್ಚಲ ಬಸುರಿಯಾದ ಮಗಳು ಲೋಲಾಕ್ಷಿಗೆಂದು ಇಟ್ಟದ್ದು. ಅವಳನ್ನು ಮಣೆಯಲ್ಲಿ ಕೂರಿಸಿ, ಆಸೆಪಟ್ಟದ್ದನ್ನು ಬಡಿಸುವ ಬಯಕೆ ಶಾಸ್ತ್ರ ಮರುದಿನವೇ. ಅವಳು ಆಸೆಪಟ್ಟದ್ದು ಅದೊಂದೇ. ಮರದಲ್ಲಿ ನೆಲ್ಲಿಕಾಯಿ ಇಲ್ಲದ ಕಾಲ ಬೇರೆ.

ಸುಂದರಿ ಭರಣಿಗೆ ಸೌಟು ಹಾಕಿದಳು. ಬರೇ ನೀರು ಬಂತು.

"ಯಾರು ತಿಂದದ್ದು?"

"ಇಲಿ."

"ಇಲಿ ಪುನಃ ಮುಚ್ಚಳ ಹಾಕಿ ಬಟ್ಟೆ ಕಟ್ತದಾ? ನಾಳೆ ಅಳಿಯನ ಕಡೆಯವರ ಎದುರು ಮಗಳ ಎಲೆಗೆ ಎಂಥ ಬಡಿಸುವುದು? ನಿಮ್ಮ ಸಿಟ್ಟನ್ನಾ?"

"ಡಾಕ್ಟರು ಹೇಳಿದ್ದು ಮಾರಾಯ್ತಿ, ಜೀವಕೋಶ..."

"ಕೋಶ ಆಮೇಲೆ. ವೇಣೂರಿನ ನನ್ನ ತಂಗಿಯಲ್ಲಿ ಇರ್ತದೆ. ಹೋಗಿ ಬನ್ನಿ."

ಆ ತಂಗಿ ವಾರಿಜಾಕ್ಷಿಯೊಡನೆ ಹುಕ್ರಪ್ಪ ಜಗಳವಾಡಿ ಮಾತು ಬಿಟ್ಟಿದ್ದ. ಆದರೂ ಸೈಕಲ್ ತುಳಿದುಕೊಂಡು ಹೋದ. ಅವಳು ಕತೆಯನ್ನು ಪೂರ್ತಿ ಹೇಳಿಸಿದ ಮೇಲೆಯೇ ಭರಣಿ ಇಳಿಸಿದಳು.

"ಕೊಡ್ತೇನೆ ಬಾವ. ಆದ್ರೆ ನಿಮ್ಮ ಕೈಯಲ್ಲಿ ಕೊಟ್ರೆ ಅಲ್ಲಿಗೆ ಮುಟ್ಟುವುದು ನೀರು ಮಾತ್ರ. ನಾನೇ ಹಿಡ್ಕೊಂಡು ಬರ್ತೇನೆ."

ಹೀಗೆ ಕ್ಯಾರಿಯರಿನಲ್ಲಿ ನಾದಿನಿ, ಅವಳ ಮಡಿಲಲ್ಲಿ ಭರಣಿ. ಏರು ಬಂದಾಗ ಹುಕ್ರಪ್ಪ ಇಳಿದು ದೂಡಿದ. ಅವಳು ಇಳಿಯಲಿಲ್ಲ.

"ಸ್ವಲ್ಪ ಇಳೀಬಾರ್ದಾ?"

"ಅಷ್ಟು ನೆಲ್ಲಿಕಾಯಿ ತಿಂದವರಿಗೆ ಇದೆಂಥ ಏರು ಬಾವ?"

ಮರುದಿನ ಮಣೆಯಲ್ಲಿ ಕೂತ ಲೋಲಾಕ್ಷಿ ನೆಲ್ಲಿಕಾಯಿ ಕಚ್ಚಿ, ಸುಖದಲ್ಲಿ ಕಣ್ಣು ಮುಚ್ಚಿದಳು. ಸುಂದರಿಗೆ ಹೋದ ಜೀವ ಬಂತು. ಬಾಗಿಲಿಗೆ ಒರಗಿದ್ದ ಹುಕ್ರಪ್ಪನೂ ಉಸಿರು ಬಿಟ್ಟ. ಆಗ ವಾರಿಜಾಕ್ಷಿ ಲೋಲಾಕ್ಷಿಯ ಪಕ್ಕದಲ್ಲಿ ಇನ್ನೊಂದು ಮಣೆ ಇಟ್ಟಳು.

"ಬನ್ನಿ ಬಾವ. ಕದ್ದು ಹುಳಿ ತಿಂದವರ ಬಯಕೆಯನ್ನೂ ಇವತ್ತೇ ಮುಗಿಸುವ. ನಿಮಗೀಗ ಎಷ್ಟು ತಿಂಗಳು?"

ಅಳಿಯನ ಕಡೆಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟರು. ಬೇರೆ ದಿನವಾಗಿದ್ದರೆ ಹುಕ್ರಪ್ಪನ ಬೊಬ್ಬೆ ಬೆಳ್ತಂಗಡಿಗೆ ಕೇಳುತ್ತಿತ್ತು. ಆದರೆ ಏರಿನಲ್ಲಿ ಸೈಕಲ್ ದೂಡಿದ ಕಾಲುಗಳು ಇನ್ನು ನಿಲ್ಲುವಂತಿರಲಿಲ್ಲ.

ಅವನು ಕೂತ.