ರೀಲಿನಿಂದ ಕಾಣೆಯಾದ ಹಿತ್ತಾಳೆ ತುಂಡಿನ ಕುರಿತು

ಇಂದ,
ಶಾಮಲಾ ಮಲ್ಲಿಕಾರ್ಜುನ ಪಟ್ಟಣಶೆಟ್ಟಿ,
ನಿವೃತ್ತ ಕಚೇರಿ ಅಧೀಕ್ಷಕಿ,
ಫ್ಲ್ಯಾಟ್ 502, ಬಿ ಬ್ಲಾಕ್, ನಂದಿವರ್ಧನ ಟವರ್ಸ್,
ಮಿಯಾಪುರ, ಹೈದರಾಬಾದ್.

ಗೆ,
ಶ್ರೀ ಸೂರ್ಯನಾರಾಯಣ ಅವರು,
ಗೌರವ ಕಾರ್ಯದರ್ಶಿ, ನಿವಾಸಿಗಳ ಸಂಘ,
ಅದೇ ಕಟ್ಟಡ, ನೆಲಮಹಡಿ.

ವಿಷಯ: ಸಂಘದ ವಶದಲ್ಲಿದ್ದಾಗ ನನ್ನ ಪತಿಯ ಮೀನು ಹಿಡಿಯುವ ರೀಲಿನಿಂದ ಕಾಣೆಯಾದ ಹಿತ್ತಾಳೆ ತುಂಡು ಹಾಗೂ ತತ್ಸಂಬಂಧಿತ ಸಂಗತಿಗಳ ಬಗ್ಗೆ.

ಉಲ್ಲೇಖ: 1) ಸಾಕುಪ್ರಾಣಿ ನಿಯಮ 14ರ ಅಡಿ ನಮಗೆ ಬಂದ ನೋಟಿಸು. 2) ನಾನು ಇಂಗ್ಲಿಷಿನಲ್ಲಿ ಕೊಟ್ಟ ಅರ್ಜಿ, ಉತ್ತರವಿಲ್ಲ. 3) ತೆಲುಗಿನಲ್ಲಿ ಕೊಟ್ಟ ಅರ್ಜಿ, ಅದಕ್ಕೂ ಇಲ್ಲ.

ಮಾನ್ಯರೇ,

ತಾವು ಮೈಸೂರಿನವರೆಂದು ಲಿಫ್ಟಿನಲ್ಲಿ ತಿಳಿದುಬಂದ ಕಾರಣ ಈ ಮೂರನೆಯ ಅರ್ಜಿಯನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಇತರರ ಅರ್ಜಿಗಳ ಮೇಲೆ 'ಪರಿಶೀಲಿಸಿ', 'ಚರ್ಚಿಸಿ' ಎಂದು ಬರೆದವಳು ನಾನು. ಉತ್ತರ ಏಕೆ ಬರುವುದಿಲ್ಲವೆಂದು ಬಲ್ಲೆ. ಆದ್ದರಿಂದ ಬೇಸರವಿಲ್ಲ. ಸಂಗತಿಗಳು ಹೀಗಿವೆ:

1. ನನ್ನ ಪತಿ ಮಲ್ಲಿಕಾರ್ಜುನ ಅವರು ಸಿಕಂದರಾಬಾದಿನಲ್ಲಿ ರೈಲ್ವೆ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ನಮ್ಮದು ಬೀದರ್ ಕಡೆಯಿಂದ ಬಂದು ಮೂರು ತಲೆಮಾರಿನಿಂದ ಇಲ್ಲಿರುವ, ಮೊಟ್ಟೆಯನ್ನೂ ಮುಟ್ಟದ ಮನೆತನ. ಆದಾಗ್ಯೂ ಸದರಿಯವರು ಪ್ರತಿ ಭಾನುವಾರ ಕೆರೆಗೆ ಹೋಗಿ, ಕೊರಮೀನು ಹಿಡಿದು, ಮತ್ತೆ ನೀರಿಗೆ ಬಿಟ್ಟು ಬರುತ್ತಿದ್ದರು. ಏಕೆಂದು ನಾನು ಇಪ್ಪತ್ತೆಂಟು ವರ್ಷ ಕೇಳಲಿಲ್ಲ. ಬುತ್ತಿ ಕಟ್ಟಿಕೊಡುತ್ತಿದ್ದೆ.

2. ಕಳೆದ ಆಷಾಢದಲ್ಲಿ ಅವರಿಗೆ ಪಾರ್ಶ್ವವಾಯು ಆಯಿತು. ಬಲಗೈ ಸೋತಿತು. ಮಾತು ಒಂದೊಂದೇ ಶಬ್ದಕ್ಕೆ ಇಳಿಯಿತು. ಹಿಂಡಲೆಂದು ವೈದ್ಯರು ರಬ್ಬರ್ ಚೆಂಡು ಕೊಟ್ಟರು. ಸದರಿಯವರು ಅದನ್ನು ಒಂದು ದಿನ ಹಿಂಡಿ, ಎರಡನೆಯ ದಿನ ಬಾಲ್ಕನಿಯಿಂದ ಕೆಳಗೆ ಬಿಟ್ಟರು. ಆಗ ಸಂಘವು ಯಾವ ನೋಟಿಸನ್ನೂ ನೀಡಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ನಾಲ್ಕು ತಿಂಗಳು ಅವರು ಗೋಡೆ ನೋಡುತ್ತ ಕೂತರು. ಒಂದು ಮಧ್ಯಾಹ್ನ ಮೀನಿನ ರಾಡು, ರೀಲು ಇದ್ದ ಚೀಲದ ಕಡೆ ಎಡಗೈ ತೋರಿಸಿ, "ಕೊಟ್ಟುಬಿಡು" ಎಂದರು.

"ಯಾರಿಗೆ?"

"ಯಾರಿಗರೆ."

ಆದಕಾರಣ ನಾನು ಯಾರಿಗೂ ಕೊಡಲಿಲ್ಲ.

3. ಕೋಠಿ ಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ರಾಯಚೂರಿನ ಹುಲಗೇಶ ಎಂಬವರು ಮೀನಿನ ರೀಲುಗಳನ್ನೂ ಬಿಚ್ಚಿ ಜೋಡಿಸುತ್ತಾರೆ. ಅವರಲ್ಲಿಗೆ ಚೀಲ ಒಯ್ದೆ.

"ಅಕ್ಕಾರ, ರೀಲು ಬದಲು ಮಾಡೂದು ಬ್ಯಾಡ್ರಿ," ಎಂದರು. "ಇದರ ಹಿಡಿಕಿ ಬಲಕ್ಕ ಐತಿ. ಸಾಹೇಬ್ರು ಎಡಗೈಲೆ ರಾಡು ಹಿಡೀಲಿ, ಎಡಗೈಲೆ ಎಸೀಲಿ. ಬಲಗೈ ಸುಮ್ನ ತಿರುಗಿಸಿದ್ರ ಸಾಕು. ಆದ್ರ ಈ ರಾಡು ಭಾಳ ಭಾರ ಆತು. ಹಗುರಂದು ಕಟ್ಟಬೇಕು."

"ಯಾರು ಕಟ್ಟತಾರ?"

"ಸೀರಿಗೆ ಫಾಲ್ ಹಚ್ಚಾಕ ಬರತೈತೇನ್ರಿ ನಿಮಗ?"

"ಬರತೈತಿ."

"ಹಂಗಾರ ನೀವ."

4. ಆದ್ದರಿಂದ ರಾಡನ್ನು ನಾನೇ ಕಟ್ಟಿದೆ. ಪೊಳ್ಳು ಕಾರ್ಬನ್ ಕೋಲನ್ನು ಮೇಜಿಗೆ ಒತ್ತಿ ಉರುಳಿಸಿದರೆ ಒಂದು ಮಗ್ಗುಲಿಗೆ ತಾನಾಗಿ ಬಂದು ನಿಲ್ಲುತ್ತದೆ. ಅದು ಕೋಲಿನ ಬೆನ್ನು. ಅದನ್ನು ಗೊತ್ತುಮಾಡಿಕೊಳ್ಳದೆ ಕಟ್ಟಿದರೆ ಮೀನು ಎಳೆದಾಗ ಕೋಲು ಕೈಯಲ್ಲೇ ಹೊರಳುತ್ತದಂತೆ. ದಾರ ಹಾಯುವ ಒಂಬತ್ತು ಉಂಗುರಗಳನ್ನು ಕೆಂಪು ನೈಲಾನ್ ಎಳೆಯಿಂದ ಸುತ್ತಿ ಬಿಗಿದೆ. ಮೊದಲ ಮೂರನ್ನು ಬಿಚ್ಚಿ ಮತ್ತೆ ಬಿಗಿದೆ. ಮೇಲೆ ಬಳಿದ ಅಂಟು ಒಂದೇ ಕಡೆ ಇಳಿಯಬಾರದಾದ್ದರಿಂದ ಕೋಲು ನಾಲ್ಕು ಗಂಟೆ ನಿಧಾನವಾಗಿ ತಿರುಗುತ್ತಿರಬೇಕು. ಇದಕ್ಕೆ ಗಣಪತಿ ಮಂಟಪದಲ್ಲಿ ದೇವರ ತಲೆಯ ಹಿಂದೆ ತಿರುಗುವ ಚಕ್ರದ ಮೋಟರನ್ನು ಬಳಸಿಕೊಂಡೆ. ಅಂದು ಬಿ ಬ್ಲಾಕಿನಲ್ಲಿ 'ಮೀನಿನ ವಾಸನೆ' ಎಂದು ದಾಖಲಾದ ಏಳು ದೂರುಗಳು ಈ ಅಂಟಿಗೆ ಸಂಬಂಧಿಸಿದವು.

ರೀಲಿನ ಪುಟ್ಟ ಹಿಡಿಕೆ ಅವರ ಬೆರಳಿಗೆ ಸಿಗದ ಕಾರಣ ನನ್ನ ಲಟ್ಟಣಿಗೆಯ ಒಂದು ತುದಿ ಕೊಯ್ಯಿಸಿ ಅದಕ್ಕೆ ಕೂಡಿಸಿದೆವು. ಅಂದಿನಿಂದ ನಮ್ಮ ಮನೆಯ ಚಪಾತಿ ದುಂಡಗಿಲ್ಲ. ಇದು ತಮ್ಮ ಮಾಹಿತಿಗೆ ಮಾತ್ರ.

5. ಕೊರಮೀನಿಗೆ ಕಪ್ಪೆಯೆಂದರೆ ಆಸೆ. ಆದ್ದರಿಂದ ದಾರದ ತುದಿಗೆ ರಬ್ಬರ್ ಕಪ್ಪೆ ಕಟ್ಟುತ್ತಾರೆ. ಅದರ ಕೊಕ್ಕೆ ತೆಗೆದು, ದಿನಾ ಬೆಳಿಗ್ಗೆ ಆರೂವರೆಗೆ ತಾರಸಿಯ ಮೇಲೆ ಎಸೆಯುವ ಅಭ್ಯಾಸ ಆರಂಭಿಸಿದೆವು. ಮೊದಲ ದಿನ ರೀಲಿನ ದಾರವೆಲ್ಲ ಹಕ್ಕಿಗೂಡಿನಂತಾಗಿ, ಬಿಡಿಸುವಷ್ಟರಲ್ಲಿ ಬಿಸಿಲೇರಿತು. ಇಪ್ಪತ್ತಮೂರನೆಯ ದಿನ ಕಪ್ಪೆ ದಾರ ಕಡಿದುಕೊಂಡು ಗೋಡೆ ದಾಟಿ, ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಸಂಘದ ಉಪಾಧ್ಯಕ್ಷೆ, ಕಲಬುರಗಿಯ ಶ್ರೀಮತಿ ವೇದವತಿ ಅವರ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಅವರು ಇಂಟರ್‌ಕಾಮಿನಲ್ಲಿ ಕಾವಲುಗಾರರಿಂದ 'ಕಪ್ಪೆ ಬಿತ್ತು' ಎಂದು ದೂರು ಬರೆಸಿ, ಕಪ್ಪೆಸಮೇತ ಮೇಲೆ ಬಂದರು.

"ಯಾರ್ರೀ ಇದನ್ನ ಒಗದವರು?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪತಿ, "ನಾನ. ಗಾಳಿ ಭಾಳ ಇತ್ತು," ಎಂದರು.

ಆರು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು. ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅತ್ತೆನೆಂದು ಒಪ್ಪಿಕೊಳ್ಳುತ್ತೇನೆ. ವೇದವತಿಯವರು ನನ್ನಿಂದ ವಿಷಯ ತಿಳಿದು, ಕಪ್ಪೆಗೆ ಅಂಟಿದ್ದ ಉಪ್ಪಿಟ್ಟನ್ನು ಸೆರಗಿನಿಂದ ಒರೆಸಿ ನನ್ನ ಪತಿಯ ಕೈಗಿತ್ತು, "ಇನ್ನೊಮ್ಮೆ ಒಗೀರಿ, ನೋಡೂಣು," ಎಂದರು.

6. ವೇದವತಿಯವರು ಅಂದೇ ದೂರನ್ನು ಹಿಂಪಡೆದರು. ಆದರೆ ಸಂಘದ ಕಚೇರಿಯಲ್ಲಿ ದೂರು ಕೊಡಲು ನಮೂನೆ ಇದೆ, ಹಿಂಪಡೆಯಲು ಇಲ್ಲ. ಆದ್ದರಿಂದ ಕಪ್ಪೆಯನ್ನು ನೋಂದಣಿಯಾಗದ ಸಾಕುಪ್ರಾಣಿಯೆಂದೂ, ರಾಡು ಮತ್ತು ರೀಲನ್ನು ಅದರ ಪರಿಕರಗಳೆಂದೂ ಪರಿಗಣಿಸಿ ವಶಪಡಿಸಿಕೊಳ್ಳಲಾಯಿತು. ರೀಲಿನೊಳಗೆ ಕ್ಯಾಮೆರಾ ಇದೆಯೇ ಎಂದು ನೋಡಲು ಮೂವರ ಉಪಸಮಿತಿ ರಚನೆಯಾಯಿತು. ಉಪಸಮಿತಿಯು ರೀಲನ್ನು ಪೂರ್ತಿ ಬಿಚ್ಚಿತು. ಕ್ಯಾಮೆರಾ ಸಿಗಲಿಲ್ಲ. ಮತ್ತೆ ಜೋಡಿಸುವುದು ಉಪಸಮಿತಿಯ ಕಾರ್ಯವ್ಯಾಪ್ತಿಗೆ ಬರದ ಕಾರಣ, ಹನ್ನೊಂದನೆಯ ದಿನ ಭಾಗಗಳನ್ನು ಖಾರಾಬೂಂದಿಯ ಕವರಿನಲ್ಲಿ ಹಾಕಿ, ರಾಡು ಮತ್ತು ಕಪ್ಪೆಯ ಸಮೇತ ಹಿಂದಿರುಗಿಸಿದರು.

7. ಹುಲಗೇಶ ಅವರು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಬೂಂದಿಯ ಪುಡಿಯನ್ನೆಲ್ಲ ತೆಗೆದು, ಹಲ್ಲುಚಕ್ರಗಳಿಗೆ ಗ್ರೀಸು, ಬೇರಿಂಗುಗಳಿಗೆ ಒಂದೊಂದೇ ಹನಿ ಎಣ್ಣೆ ಕೊಟ್ಟು ಜೋಡಿಸಿದರು. ಕೊನೆಗೆ, "ಅಕ್ಕಾರ, ಒಂದು ತುಂಡು ಕಡಿಮಿ ಐತ್ರಿ," ಎಂದರು.

ತೊಗರಿಬೇಳೆಯಷ್ಟು ದೊಡ್ಡ ಹಿತ್ತಾಳೆ ತುಂಡು. ರೀಲು ಸುತ್ತುವಾಗ ದಾರ ಹಾಯುವ ಕಿಂಡಿಯನ್ನು ಎಡಕ್ಕೂ ಬಲಕ್ಕೂ ಓಡಾಡಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ದಾರ ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಾಗುತ್ತದೆ. ಹನ್ನೆರಡು ವರ್ಷದ ಹಳೆಯ ರೀಲಾದ್ದರಿಂದ ಅಂಗಡಿಯಲ್ಲಿ ಆ ತುಂಡು ಸಿಗುವುದಿಲ್ಲ. ತಮ್ಮ ಕಚೇರಿಯಲ್ಲಿ ವಿಚಾರಿಸಲಾಗಿ, ಉಪಸಮಿತಿಯು ಹುಡುಕುತ್ತಿದೆಯೆಂದೂ, ಸೋಫಾದ ಕೆಳಗೆ ನೋಡಲು ಟಾರ್ಚು ಮಂಜೂರಾಗಬೇಕೆಂದೂ ತಿಳಿದುಬಂದಿತು.

8. ಹೀಗಿರುವಾಗ ಕಳೆದ ಭಾನುವಾರ ವೇದವತಿಯವರು ನಮ್ಮನ್ನು ತಮ್ಮ ಕಾರಿನಲ್ಲಿ ಸಂಗಾರೆಡ್ಡಿಯ ಆಚೆಯ ಒಂದು ಕೆರೆಗೆ ಕರೆದೊಯ್ದರು. ಕಪ್ಪೆಗೆ ಕೊಕ್ಕೆಯನ್ನು ಮತ್ತೆ ಸಿಕ್ಕಿಸಿದೆವು. ತುಂಡು ಮಾಡಬೇಕಾದ ಕೆಲಸವನ್ನು ನಾನು ಮಾಡಿದೆ. ಪತಿಯ ಪಕ್ಕದಲ್ಲೇ ಕೂತು, ಅವರು ಹಿಡಿಕೆ ತಿರುಗಿಸಿದಂತೆಲ್ಲ ದಾರದ ಕಿಂಡಿಯನ್ನು ಬೆರಳಿನಿಂದ ಅತ್ತ ಇತ್ತ ತಳ್ಳುತ್ತಿದ್ದೆ.

"ಎಡಕ್ಕ," ಎನ್ನುವರು. ತಳ್ಳುವೆ. "ಬಲಕ್ಕ."

ಹನ್ನೊಂದು ಗಂಟೆಯ ಸುಮಾರಿಗೆ ತಾವರೆ ಎಲೆಗಳ ಪಕ್ಕ ನೀರು ಒಡೆಯಿತು. ರಾಡು ಬಿಲ್ಲಿನಂತೆ ಬಾಗಿತು. ನಾನು ಬಿಗಿದ ಒಂದು ಗಂಟೂ ಸಡಿಲಲಿಲ್ಲ. ಅವರ ಬಲಗೈ ಅರ್ಧ ಸುತ್ತಿಗೆ ನಿಂತುಬಿಟ್ಟಿತು. ನಾನು ಹಿಡಿಕೆ ಮುಟ್ಟಲಿಲ್ಲ. ವೇದವತಿಯವರು ಮುಂದೆ ಬಂದರು, ಅವರನ್ನೂ ಮುಟ್ಟಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ತಿರುಗಿತು.

"ಬಲಕ್ಕ, ಶಾಮಲಾ. ಬಲಕ್ಕ. ನಿಂದ ನೋಡು ತಪ್ಪಾಕತ್ತೈತಿ."

ಮೀನು ಎರಡು ಕಿಲೋ ಇದ್ದೀತು. ಬಿಡುವ ಮುಂಚೆ ಅವರು ಅದನ್ನು ನೀರಿನಲ್ಲಿ ಹಿಡಿದುಕೊಂಡು ನನಗೆ ತೋರಿಸಿದರು. ನಾನು ನೋಡಿದೆ. ನನಗೆ ಏನನ್ನಿಸಿತೆಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಕಾರಣ, ಸದರಿ ಕಪ್ಪೆಯು ರಬ್ಬರಿನದೆಂದು ದಾಖಲಿಸಿ ನೋಟಿಸನ್ನು ಹಿಂಪಡೆಯಬೇಕಾಗಿಯೂ, ಗಾಳಿಯಿಲ್ಲದ ದಿನಗಳಲ್ಲಿ ತಾರಸಿಯನ್ನು ಅರ್ಧ ಗಂಟೆ ನಮಗೆ ಬಿಟ್ಟುಕೊಡಬೇಕಾಗಿಯೂ ಕೋರುತ್ತೇನೆ.

ಇತಿ, ಹಿಂದಿನ ಎರಡು ಅರ್ಜಿಗಳಲ್ಲಿದ್ದಷ್ಟೇ
ತಮ್ಮ ವಿಶ್ವಾಸಿ,
ಶಾಮಲಾ ಮ. ಪಟ್ಟಣಶೆಟ್ಟಿ

ಲಗತ್ತುಗಳು:
ಅ) ವೇದವತಿಯವರು ದೂರು ಹಿಂಪಡೆದ ಪತ್ರ (ನಮೂನೆ ಇಲ್ಲದ ಕಾರಣ ಬಿಳಿ ಹಾಳೆಯಲ್ಲಿ).
ಆ) ಖಾರಾಬೂಂದಿಯ ಕವರು, ಒಂದು, ಖಾಲಿ.
ಇ) ನನ್ನ ಪತಿಯ ಸಹಿ, ಬಲಗೈಯಲ್ಲಿ ಮಾಡಿದ್ದು, ಓದಲು ಬಾರದಿದ್ದರೂ ಸಹಿಯೇ.

ವಿ.ಸೂ.: ಹಿತ್ತಾಳೆ ಉಜ್ಜಿ ಹೊಸ ತುಂಡು ಮಾಡಿಕೊಡುವುದಾಗಿ ಹುಲಗೇಶ ನಿನ್ನೆ ಫೋನು ಮಾಡಿದ್ದರು. ಸದ್ಯಕ್ಕೆ ಬೇಡವೆಂದೆ. ಆದ್ದರಿಂದ ಉಪಸಮಿತಿಯು ಹುಡುಕಾಟವನ್ನು ನಿಲ್ಲಿಸಬಹುದು. ತುಂಡು ಈಗಾಗಲೇ ಸಿಕ್ಕಿದ್ದ ಪಕ್ಷದಲ್ಲಿ, ಸದರಿ ವಿಷಯವನ್ನು ನನ್ನ ಪತಿಯ ಗಮನಕ್ಕೆ ತರಬಾರದಾಗಿ ವಿನಂತಿ.