ಬಾಕ್ಸಿಂಗೂ ನನ್ನ ಕಾಲೂ

ಬಾಕ್ಸಿಂಗ್ ಕಲಿಯಲು ಮೈಯಲ್ಲಿ ಕಸುವಿದ್ದರೆ ಸಾಕೆಂದು ನೀವು ತಿಳಿದಿದ್ದರೆ, ನಾನೂ ನಿಮ್ಮಷ್ಟೇ ದಡ್ಡನಾಗಿದ್ದೆ. ಕಸುವು ಹೇಗಾದರೂ ಬರುತ್ತದೆ ಸ್ವಾಮಿ, ಒಳ್ಳೆಯ ನಡತೆ ಬಿಟ್ಟುಹೋಗುವುದೇ ಕಷ್ಟ. ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಬಗ್ಗಿ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಮ್ಮಮ್ಮ ನನಗೆ ನಡೆಯಲು ಕಲಿಸುವಾಗಲೇ ಕಲಿಸಿಬಿಟ್ಟಿದ್ದಳು. ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಇದು ಭೂಷಣವೇ. ಗುದ್ದಲೆಂದೇ ಬಂದವನ ಎದುರಿಗೆ ಮಾತ್ರ ಪ್ರಾಣಕ್ಕೆ ಸಂಚಕಾರ.

ಆಗ ರಾಜಾಜಿನಗರ ಇನ್ನೂ ಹೊಸದು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ವಾರ್ಷಿಕೋತ್ಸವಕ್ಕೆ ಬಾಕ್ಸಿಂಗ್ ಪಂದ್ಯವಿದೆ ಎಂದಾಗ, ಹೊಸ ಹೆಂಡತಿಯ ಮುಂದೆ ಜಂಬ ಕೊಚ್ಚುವ ಚಪಲಕ್ಕೆ, "ಕಪ್ ನಂದೇ ಕಣೇ" ಎಂದುಬಿಟ್ಟೆ. ಲಲಿತ ಅದನ್ನು ನಂಬಿ, ಗೂಡಿನಲ್ಲಿದ್ದ ಉಪ್ಪಿನಕಾಯಿ ಜಾಡಿ ಕೆಳಗಿಳಿಸಿ ಕಪ್ಪಿಗೆ ಜಾಗ ಮಾಡಿದಳು. ಸಾಲದ್ದಕ್ಕೆ, ಬೀದಿ ನಲ್ಲಿಯ ಹತ್ತಿರ ಎಲ್ಲರಿಗೂ ಸಾರಿ ಬಂದಳು. ಇನ್ನು ಸೋತರೆ ಆ ಬೀದಿಯಲ್ಲಿ ತಲೆಯೆತ್ತಿಕೊಂಡು ಓಡಾಡುವ ಹಾಗಿರಲಿಲ್ಲ.

ನಮಗೆ ಕಲಿಸಲು ಬಂದವರು ಮಿಲಿಟರಿಯಿಂದ ನಿವೃತ್ತರಾದ ಮುನಿಸ್ವಾಮಪ್ಪನವರು. ಬೆಳಗಾಗೆದ್ದು ಬಯಲಿನಲ್ಲಿ ಓಡಿದೆ, ಬಾವಿಹಗ್ಗ ಹಿಡಿದು ಕುಪ್ಪಳಿಸಿದೆ, ಹುರುಳಿಕಟ್ಟು ಕುಡಿದೆ. ಎಲ್ಲ ಸರಿಹೋಯಿತು. ಆದರೆ ಅಭ್ಯಾಸದಲ್ಲಿ ಕಾಲಿಗೆ ಕಾಲು ತಗಲಿದೊಡನೆ ನಾನು ಬಗ್ಗುತ್ತಿದ್ದೆ. ಮೂತಿಗೆ ಸರಿಯಾಗಿ ಬೀಳುತ್ತಿತ್ತು. "ಏನ್ರೀ, ಸತ್ಯನಾರಾಯಣ ಪೂಜೆಗೆ ಬಂದಿದೀರಾ? ಬಗ್ಗಬೇಡ್ರೀ!" ಎಂದು ಅರಚಿ ಅರಚಿ ಅವರ ಗಂಟಲು ಕಟ್ಟಿತು. ಕೊನೆಗೆ ತಮ್ಮ ಕಾಲನ್ನೇ ಚಾಚಿ ದಿನವೂ ತುಳಿಸಿದರು. "ತುಳೀರಿ! ಇನ್ನೂ ಜೋರಾಗಿ! ಕೆಳಗೆ ನೋಡ್ಬೇಡಿ!" ತಂದೆಯ ವಯಸ್ಸಿನವರ ಕಾಲು ತುಳಿಯುತ್ತಾ ನನಗೆ ಕಣ್ಣೀರು ಬಂತು. ಅವರಿಗೂ ಬಂತು, ನಾನು ಬೂಟು ಹಾಕಿಕೊಂಡಿದ್ದೆ. ಅಂತೂ ರೋಗ ವಾಸಿಯಾಯಿತು.

ಪಂದ್ಯದಲ್ಲಿ ನನಗೆ ಎದುರಾದವನು ಫೌಂಡ್ರಿಯ ಕೆಂಪಣ್ಣ, ನನಗಿಂತ ಚಿಕ್ಕವನು. ಲಲಿತ ತನ್ನ ತಮ್ಮ ನಂಜುಂಡನ ಜೊತೆ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಗಂಟೆ ಹೊಡೆದದ್ದೇ ತಡ, ನಾನೇ ಮೊದಲು ಎರಡು ಬಿಗಿದೆ. ನನಗೇ ಆಶ್ಚರ್ಯ! ಮುಗ್ಗರಿಸಿ ಮುಂದೆ ಬಂದ ಕೆಂಪಣ್ಣ ನನ್ನ ಕಾಲು ತುಳಿದ. ನಾನು ಬಗ್ಗಲಿಲ್ಲ. ಅವನು ಬಗ್ಗಿದ! ಅವನಿಗೂ ಒಬ್ಬ ತಾಯಿ ಇದ್ದಳಲ್ಲ. ಗ್ಲೌಸಿನಿಂದಲೇ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. "ಏಳ್ತಾನೆ, ಎದ್ದ ತಕ್ಷಣ ಹೊಡೀರಿ!" ಎಂದು ಮುನಿಸ್ವಾಮಪ್ಪನವರು ಕುಣಿದಾಡಿದರು. ಕೈ ಎತ್ತಿದೆ. ಎತ್ತಿದ ಕೈ ಮೆಲ್ಲಗೆ ಅವನ ತಲೆಯ ಮೇಲೆ ಕೂತಿತು. ಬಾಯಿ ತಾನಾಗಿಯೇ, "ಒಳ್ಳೇದಾಗ್ಲಪ್ಪ, ಗೆದ್ದು ಬಾ" ಎಂದಿತು. ಆಶೀರ್ವಾದ ಪಡೆದವನು ಎದ್ದು ನಿಂತು ಕೊಟ್ಟ ಒಂದೇ ಏಟಿಗೆ ನಾನು ಮಲಗಿದೆ.

ಮನೆಯಲ್ಲಿ ಲಲಿತ ಬಿಸಿ ಉಪ್ಪಿನ ಗಂಟಿನಿಂದ ನನ್ನ ದವಡೆಗೆ ಶಾಖ ಕೊಡುತ್ತಿದ್ದಳು. ಬೈಗುಳ ಈಗ ಬಂತು, ಆಗ ಬಂತು ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ. ಅವಳು, "ಅಲ್ಲಾರೀ, ಮದುವೆ ಆದಾಗಿಂದ ನೀವು ಹೇಳಿದ್ರಲ್ಲಿ ನಿಜ ಆಗಿದ್ದು ಇದೊಂದೇ. ಗೆದ್ದು ಬಾ ಅಂದ್ರಿ, ಗೆದ್ದೇಬಿಟ್ಟ. ನಮ್ಮ ನಂಜುಂಡಂಗೆ ನಾಳೆ ಟೈಪಿಂಗ್ ಪರೀಕ್ಷೆ. ಅವನಿಗೂ ಒಂದು ಮಾತು ಹೇಳ್ರೀ" ಎಂದಳು. ನಂಜುಂಡ ಭಕ್ತಿಯಿಂದ ಕಾಲಿಗೆ ಬಿದ್ದ. ಊದಿದ ದವಡೆಯಿಂದ ಮಾತು ಹೊರಡಲಿಲ್ಲ, ಬರೀ ಕೈಯಿಟ್ಟೆ.

ಅವನು ಫೇಲಾದ. ನನ್ನ ಕೈಯಲ್ಲಿ ಏನೂ ಇಲ್ಲವೆಂದು ಬೀದಿಗೆಲ್ಲ ಖಚಿತವಾದದ್ದು ಆಮೇಲೆಯೇ.